ಲೈನ್

ಆನಂದಪುರದ ಸಬ್‌ಸ್ಟೇಷನ್ನಿನಲ್ಲಿ ನನ್ನದು ಹಗಲು ಪಾಳಿ.
ಫೋನೆತ್ತಿದರೆ ಒಂದೇ ಮಾತು:
ಲೈನ್ ಹೋಯ್ತು, ಲೈನ್ ಯಾವಾಗ ಬರುತ್ತೆ?
ಎಲೆ ಹಾಕಿ ಕೂತವರು
ಬಾರದ ನೆಂಟನನ್ನು ಕೇಳಿದ ಹಾಗೆ.

ನಮ್ಮವ್ವ ಗೆರೆಗೆ ಗೆರೆ ಅನ್ನುತ್ತಿದ್ದಳು, ಸಾಲಿಗೆ ಸಾಲು,
ತಂತಿಗೆ ತಂತಿ.
ಈಗ ಅವಳೂ ರೇಷನ್ನಿಗೆ ಲೈನಲ್ಲಿ ನಿಲ್ಲುತ್ತಾಳೆ,
ತಾಳಗುಪ್ಪದ ರೈಲು ಹೋದ ಮೇಲೆ
ಲೈನ್ ದಾಟಿ ಮನೆಗೆ ಬರುತ್ತಾಳೆ.
ಮಗಳ ಕಾಪಿ ಪುಸ್ತಕದಲ್ಲಿ ನಾಲ್ಕು ಲೈನು;
ಇಂಗ್ಲಿಷಿನ ಜಿ ಮಾತ್ರ
ಕೊನೇ ಲೈನಿಗೆ ಕಾಲು ಇಳಿಬಿಟ್ಟು ಕೂತಿದೆ.
"ಅಮ್ಮಾ, ಸುಧಿ ಮಾವ ಯಾರಿಗೋ ಲೈನ್ ಹೊಡೀತಾನಂತೆ,
ಸ್ಕೇಲ್ ಇಟ್ಕೊಂಡಾ?"

ಇವತ್ತು ಹನ್ನೊಂದೂವರೆಗೆ ಹುಚ್ಚರಾಯಪ್ಪನ ಫೋನು:
"ಅಕ್ಕಾ, ನಾಲ್ಕನೇ ಫೀಡರು, ಲೈನ್ ಕ್ಲಿಯರ್ ಕೊಡಿ."
ಕೊಟ್ಟೆ. ಅಂದರೆ, ತೆಗೆದೆ.
ಬ್ರೇಕರಿಗೆ ಕೆಂಪು ಬೋರ್ಡು ನೇತುಹಾಕಿ
ಬುಕ್ಕಿನಲ್ಲಿ ಅವನ ಹೆಸರು, ಹೊತ್ತು ಬರೆದೆ.

ಆಮೇಲೆ ಇಪ್ಪತ್ತಾರು ಫೋನು.
ಗಿರಣಿಯವನು ಬೈದ. ಮದುವೆ ಮನೆಯವರು ಗೋಗರೆದರು.
ದೊಡ್ಡವರೊಬ್ಬರ ಕಡೆಯವನು,
ಲೈನ್ ಕೊಡ್ತೀಯೋ ಇಲ್ವೋ, ಅಂದ.
ಕೊಡಲಿಲ್ಲ.
ಕಂಬದ ಮೇಲೊಬ್ಬ
ನನ್ನ ಒಂದು ಮಾತು ಹಿಡಿದುಕೊಂಡು ನಿಂತಿದ್ದ.

ಒಂದೂ ಹತ್ತಕ್ಕೆ ಮತ್ತೆ ಅವನೇ:
"ಇಳಿದೆ ಅಕ್ಕಾ, ಲೈನ್ ಕೊಡಿ.
ಅಲ್ಲ, ಒಂಚೂರು ತಡೀರಿ, ಲೈನಲ್ಲೇ ಇರಿ."

ಇದ್ದೆ.
ಅವನು ನೀರು ಕುಡಿಯುವುದು ಕೇಳಿಸಿತು,
ಗುಟುಕು, ಗುಟುಕು,
ಬಾಟಲಿಗೆ ಮುಚ್ಚಳ ತಿರುಗಿಸಿದ್ದು.
ಆಮೇಲೆ ದೂರಕ್ಕೆ ಯಾರನ್ನೋ ಕೂಗಿದ್ದು:
ಏಯ್, ಇನ್ನೂ ಮೇಲೇನು ಮಾಡ್ತಿದೀಯೋ, ಇಳಿಯೋ,
ಏಣಿ ತೆಗಿಯೋ.