ಆವೃತ್ತಿ ಮೂರು

ಮೊದಲೆಲ್ಲ ರೆಕಾರ್ಡು ಪುಸ್ತಕಗಳು ಗೋಣಿಚೀಲದಲ್ಲಿ ಬರುತ್ತಿದ್ದವು.
ಕಂದು ರಟ್ಟು, ಮೈದಾ ಅಂಟಿನ ವಾಸನೆ.
ಯಾವ ಪುಟ ಅಕ್ಕ ಬರೆದುಕೊಟ್ಟದ್ದು, ಯಾವುದು ಸ್ವಂತದ್ದು,
ಅಕ್ಷರದ ವಾಲಿಕೆಯಲ್ಲೇ ತಿಳಿಯುತ್ತಿತ್ತು.
ಈಗ ಇ-ಪೋರ್ಟ್‌ಫೋಲಿಯೊ. ನಲವತ್ತೆರಡು ಲಿಂಕು.
ಚಾಮರಾಜಪೇಟೆಯ ಈ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತದೆ,
ರಾತ್ರಿ ಹನ್ನೆರಡಕ್ಕೆ ಪೋರ್ಟಲ್ಲು ಕದ ಹಾಕಿಕೊಳ್ಳುತ್ತದೆ.

ಹದಿನೇಳನೆಯದು ಗುಲ್ನಾಜಳದು. ಗೋರಿಪಾಳ್ಯದ ಹುಡುಗಿ,
ಮುಂದಿನ ಬೆಂಚೂ ಬೇಡ, ಹಿಂದಿನದೂ ಬೇಡ,
ಕಿಟಕಿಯ ಪಕ್ಕ ಗೋಡೆಗೊರಗಿ ಕೂರುವವಳು.
ತೆರೆದರೆ ಕಪ್ಪುಹಲಗೆಯ ಫೋಟೊ, ಭಿನ್ನರಾಶಿ ಪಾಠ.
ಮೇಜಿನ ಮೇಲೆ ನಾಲ್ಕಾಗಿ ಹರಿದ ರೊಟ್ಟಿ,
ಮೂರು ತುಂಡಷ್ಟೇ ಇವೆ.
ಮುಕ್ಕಾಲು ಕಲಿಸುತ್ತಿದ್ದಾಳೆ ಎಂದುಕೊಂಡೆ.
ಒಂದು ನಿಮಿಷ ನಲವತ್ತು ಸೆಕೆಂಡಿನ ಧ್ವನಿಯೂ ಇದೆ:
"ಅರ್ಧದಲ್ಲಿ ಅರ್ಧ ಎಷ್ಟು?" ಎಂದು ಅವಳು ಕೇಳುವುದು,
ಮೂವತ್ತು ಬಾಯಿ ಒಟ್ಟಿಗೇ ತಪ್ಪು ಹೇಳುವುದು,
ಹೊರಗೆಲ್ಲೋ ಗುಜರಿಯವನ ಕೂಗು.

ಕೊನೆಗೆ 'ನಾನು ಕಲಿತದ್ದು' ಎಂಬ ಪುಟ.
"ತರಗತಿ ನಿರ್ವಹಣೆಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿದೆ."
ಕಂಡುಬಂದಿದೆ!
ಯಾರಿಗೆ ಕಂಡಿತು, ತಾಯಿ?
ಹೀಗೆ ಮಾತಾಡುವವಳೇ ಅಲ್ಲ ಇವಳು.

ಬಲಗಡೆ ಮೇಲೆ ಸಣ್ಣದೊಂದು ಗಡಿಯಾರದ ಗುರುತು.
ಒತ್ತಲೇಬೇಕೆಂದೇನೂ ಇರಲಿಲ್ಲ. ಒತ್ತಿದೆ.
ಆವೃತ್ತಿ ಒಂಬತ್ತು, ಎಂಟು, ಏಳು
ಸುಣ್ಣ ಕೆರೆದ ಗೋಡೆಯಲ್ಲಿ ಹಳೆಯ ಬಣ್ಣ ಏಳುವ ಹಾಗೆ.
ಮೂರರಲ್ಲಿ, ರಾತ್ರಿ ಎರಡೂಕಾಲಕ್ಕೆ ಬರೆದದ್ದು:
"ಇವತ್ತು ಇಮ್ದಾದನಿಗೆ ಹೊಡೆದೆ.
ಪಾಠದ ರೊಟ್ಟಿ ತಿಂದುಬಿಟ್ಟಿದ್ದ.
ಅಳಲಿಲ್ಲ. ಬಾಯಲ್ಲಿ ಇನ್ನೂ ಇತ್ತು."
ನಾಲ್ಕರಲ್ಲಿ ಆ ಸಾಲುಗಳಿಲ್ಲ.

ಕೋಷ್ಟಕ ಎದುರಿಗಿದೆ:
ಅಂದಕ್ಕೆ ಐದು, ಪುರಾವೆಗೆ ಹತ್ತು, ಆತ್ಮಾವಲೋಕನಕ್ಕೆ ಹತ್ತು.
ಅಳಿಸಿದ ಸಾಲಿಗೆ ಎಷ್ಟು?
ಬರೆದದ್ದಕ್ಕೆ ಕೊಡಲೇ, ಅಳಿಸಿದ್ದಕ್ಕೆ ಕಳೆಯಲೇ,
ಇಲ್ಲಾ, ಬಾಗಿಲ ಸಂದಿಯಲ್ಲಿ ಇಣುಕಿದ್ದಕ್ಕೆ
ನನ್ನದನ್ನೇ ಕತ್ತರಿಸಲೇ?

ತೊಂಬತ್ತಾರರಲ್ಲಿ, ಶ್ರೀರಾಂಪುರದ ಶಾಲೆ.
ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗಿ.
ನನ್ನ ಅಡಿಕೋಲು.
ಅವಳ ಹೆಸರೂ ಈಗ ನೆನಪಿಲ್ಲ, ಗಂಟು ಮಾತ್ರ ನೆನಪಿದೆ,
ಬೆರಳ ಗೆಣ್ಣಿನ ಮೇಲೆದ್ದದ್ದು.
ನನ್ನ ರೆಕಾರ್ಡು ಪುಸ್ತಕದಲ್ಲಿ ಅದು ಇಲ್ಲ.
ಬರೆದೇ ಇರಲಿಲ್ಲ, ಅಳಿಸುವ ಮಾತೆಲ್ಲಿ ಬಂತು.
ಐವತ್ತಕ್ಕೆ ನಲವತ್ತೇಳು ಕೊಟ್ಟಿದ್ದರು.

ಹತ್ತೂಮುಕ್ಕಾಲು. ಟಿಪ್ಪಣಿಯ ಚೌಕದಲ್ಲಿ ಟೈಪಿಸಿದೆ:
"ಕೊನೆಯ ಪುಟದಲ್ಲಿ ಪ್ರಾಮಾಣಿಕತೆಯ ಕೊರತೆ ಕಂಡುಬಂದಿದೆ."
ಓದಿದೆ. ನಾಚಿಕೆಯಾಯಿತು. ಅಳಿಸಿದೆ.
"ನಾಳೆ ಬಿಡುವಾದಾಗ ಸ್ಟಾಫ್‌ರೂಮಿಗೆ ಬಾ, ಗುಲ್ನಾಜ್.
ನಾನು ನಿನಗೊಂದು ಹೇಳುವುದಿದೆ."

ಅಂಕದ ಚೌಕ ಹಾಗೇ ಬಿಟ್ಟು ಮುಂದಿನದಕ್ಕೆ ಹೋಗಹೊರಟರೆ
ಪೋರ್ಟಲ್ಲು ಕೆಂಪಗಾಯಿತು:
ಇಲ್ಲಿ ಖಾಲಿ ಬಿಡುವಂತಿಲ್ಲ.

ಇನ್ನೂ ಇಪ್ಪತ್ತೈದು ಬಾಕಿ.
ಪ್ರತಿಯೊಂದರ ಬಲಮೂಲೆಯಲ್ಲೂ
ಅದೇ ಸಣ್ಣ ಗಡಿಯಾರ.