ಒಂಬತ್ತಡಿ ಹಗ್ಗ

ಸಂತೆ ದಿನ, ತೋಟಕ್ಕೆ ರಜಾ.
ಆಲೂರಿನಿಂದ ಮೊದಲ ಬಸ್ಸು ಹಿಡಿದು
ಹಾಸನದ ಬಿ.ಎಂ. ರಸ್ತೆಯಲ್ಲಿ ಇಳಿದೆವು, ಐದು ಹೆಂಗಸರು,
ನನ್ನ ಕೈಚೀಲದಲ್ಲಿ ಒಂದು ಹಗ್ಗ.

ಗಂಟಿನಿಂದ ಗಂಟಿಗೆ ಒಂಬತ್ತು ಅಡಿ,
ರೊಬಸ್ಟಾ ಕೊಯ್ಯುವ ಏಣಿಯ ಉದ್ದ.
ಏಣಿಯನ್ನೇ ತರೋಣ ಅಂದಿದ್ದಳು ದ್ಯಾವೀರಿ.
ನಮಗೇನೋ ಬಸ್ಸು ಬಿಟ್ಟಿ,
ಏಣಿ ಹೆಣ್ಣೆಂದರೆ ಕಂಡಕ್ಟರ್ ನಂಬುತ್ತಾನೆಯೇ?

ಷೆಡ್ಡಿನ ತುಂಬ ಹಳೆ ಗಾಡಿಗಳು
ಮೈ ತೊಳೆಸಿಕೊಂಡು, ಟೈರಿಗೆ ಕಪ್ಪು ಬಳಿಸಿಕೊಂಡು
ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತ ಹಾಗೆ.
ನಯಾಜ್ ಸಾಹೇಬರು ಮೊದಲಿಗೇ ಉದ್ದನೆಯದು ತೋರಿಸಿದರು:
‘ಮುಂದೆ ಇಬ್ಬರು, ಹಿಂದೆ ಎಂಟೂವರೆ ಅಡಿ ಬಾಡಿ.
ಏಣಿ, ಚೀಲ, ಜನ,
ಎಲ್ಲಾ ಒಟ್ಟಿಗೆ ಹಾಕ್ಕೊಂಡು ಹೋಗಿ ಮೇಸ್ತ್ರಮ್ಮ.’

ಹಾಕ್ಕೊಂಡು.

ಹದಿನೇಳು ವರ್ಷ ಹಾಗೇ ಹೋದವಳು ನಾನು,
ಬೇರೆ ಮೇಸ್ತ್ರಿಗಳ ಗಾಡಿಯಲ್ಲಿ, ನಿಂತುಕೊಂಡು.
ತಿರುವು ಬಂದರೆ ಹದಿನಾಲ್ಕು ಜನ ಒಂದೇ ಕಡೆ ವಾಲಿ
ನಗುತ್ತಿದ್ದೆವು ಕೂಡ, ಸುಳ್ಳು ಯಾಕೆ ಹೇಳಲಿ.
ಏಣಿಗಳನ್ನು ಬಿಗಿಯಾಗಿ ಕಟ್ಟುತ್ತಿದ್ದರು,
ನಮ್ಮನ್ನಲ್ಲ.
ಒಂದು ಸಲ ಕಟ್ಟು ಬಿಚ್ಚಿ ಜಾರಿದ ಏಣಿ
ಕಮರುನ್ನಿಸಾಳ ಮುಂಗಾಲಿನ ಮೇಲೆ ಬರೆದದ್ದು
ಇನ್ನೂ ಅಳಿಸಿಲ್ಲ.

‘ಚೀಲ ಹಾಕ್ಕೊಂಡು ಹೋಗ್ತೀನಿ ಸಾಹೇಬ್ರೆ,
ಜನ ಕೂತ್ಕೊಂಡು ಬರ್ತಾರೆ.
ಹಿಂದೆ ಸೀಟಿರೋದು ತೋರ್ಸಿ.’

ಕೆಂಪು ಗಾಡಿ. ನೋಡೋಕೆ ಚೆಂದ.
ಫಿಲೋಮಿನಾ ನಮ್ಮಲ್ಲೆಲ್ಲ ಎತ್ತರದವಳು,
ಹಿಂದೆ ಹತ್ತಿ ಕೂತರೆ ಮಂಡಿ ಬಂದು ಗಲ್ಲ ಮುಟ್ಟಿತು.
‘ಶಾಲೆ ಮಕ್ಕಳಿಗೆ ಮಾಡಿದ್ದು’ ಅಂದು ಇಳಿದಳು.

ನೀಲಿಯದರಲ್ಲಿ ಸೀಟು ಸೋಫಾ.
ಆದರೆ ಹಗ್ಗ ಹಾಸಿದರೆ ಬಾಡಿ ಐದಡಿಗೇ ಮುಗಿದು
ಉಳಿದ ನಾಲ್ಕಡಿ
ದನದ ಬಾಲದ ಹಾಗೆ ಹಿಂದೆ ನೇತಾಡಿತು.
ನಯಾಜರ ಹುಡುಗ ಕಿಸಕ್ಕೆಂದ.

ಮೂಲೆಯಲ್ಲಿ ಒಂದು ಬಿಳಿಯದು,
ಲೈಟು ಕಂಬ ನೆಡುವ ಕಂಟ್ರಾಕ್ಟರು ಓಡಿಸಿ ಮಾರಿದ್ದು.
ಬಾಗಿಲ ಮೇಲೆ ಕೆರೆದ ಹೆಸರು ಇನ್ನೂ ಅರ್ಧ ಓದಬಹುದು.
ಸೀಟಿನ ರೆಕ್ಸಿನ್ ಹರಿದಿದೆ, ಹೊಲಿಯಬಹುದು.
ದ್ಯಾವೀರಿ ಹತ್ತಿ ಬೆನ್ನು ಆನಿಸಿದಳು,
ಕಾಲು ಚಾಚಿದಳು,
ಚಾಚಿದ ಕಾಲನ್ನು ಯಾರದೋ ಕಾಲೆಂಬಂತೆ ನೋಡುತ್ತ ಕೂತಳು.

ಬಾಡಿ ಆರಡಿಗೆ ಎರಡು ಬೆರಳು ಕಮ್ಮಿ.
ಹಿಂದಿನ ಹಲಗೆ ಇಳಿಬಿಟ್ಟರೆ ಇನ್ನೊಂದೂವರೆ.
ಆದರೂ ಏಣಿಯ ಮೂರನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ
ಗಾಳಿಯಲ್ಲೇ.. ಇಲ್ಲ, ತಪ್ಪಿದೆ,
ಎಣಿಸುವುದು ಸುಗುಣನ ಕೆಲಸ, ಅವಳೇ ಡ್ರೈವರು:
‘ಒಂದೂವರೆ ಅಡಿ ಹೊರಗೆ. ಕೆಂಪು ಬಟ್ಟೆ ಕಟ್ಟಿದರೆ ಆಯ್ತು.’

‘ಐದೇ ಜನ ಹಿಡಿಯೋದು,’ ಅಂದರು ನಯಾಜ್,
‘ನಿಮ್ಮದು ಒಂಬತ್ತಾಳಿನ ಗುಂಪಲ್ವಾ?’
ಎರಡು ಟ್ರಿಪ್ಪು ಹೊಡಿತೀವಿ.
‘ಡೀಸೆಲ್ಲು?’
ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳ್ತೀವಿ.
ಅದು ಡೀಸೆಲ್ಲಿಗೆ ಉತ್ತರವಲ್ಲ ಅಂತ ನನಗೂ ಗೊತ್ತು.
ಅವರು ಮತ್ತೆ ಆ ಉದ್ದನೆಯ ಗಾಡಿಯ ಕಡೆ ನೋಡಿದರು,
ನಾನು ಹಗ್ಗ ಸುತ್ತತೊಡಗಿದೆ.

ಹತ್ತು ಸಾವಿರ ಮುಂಗಡ ಎಣಿಸಿಕೊಟ್ಟು,
ಉಳಿದದ್ದಕ್ಕೆ ಸೊಸೈಟಿ ಸಾಲದ ಪತ್ರ ತೋರಿಸಿ
ಬಸ್‌ಸ್ಟ್ಯಾಂಡಿಗೆ ನಡೆದೆವು.
ಕೆಂಪು ಬಟ್ಟೆಗೆ ಯಾರ ಹಳೇ ಸೀರೆ ಹರಿಯಬೇಕೆಂದು
ಫಿಲೋಮಿನಾಗೂ ಕಮರುನ್ನಿಸಾಗೂ ಜಗಳ.

ಸಂತೆ ಬಸ್ಸು, ಕಾಲಿಡಲು ಜಾಗವಿಲ್ಲ.
ಆಲೂರಿನವರೆಗೂ ನಿಂತೇ ಬಂದೆವು.
ದ್ಯಾವೀರಿ ಮಾತ್ರ ಕಂಬಿ ಹಿಡಿದು
ಆಗಾಗ ಮಂಡಿ ತುಸು ಮಡಚಿ ನೋಡುತ್ತಿದ್ದಳು,
ಸೀಟು ಅಲ್ಲೇ ಹಿಂದೆ ಇದೆಯೇನೋ ಎಂಬಂತೆ.