ಹೊಲಿಗೆಯ ಒಳಗೊಂದು ರಾತ್ರಿ

ನಾದಿನಿಯ ಮಗಳು ಮೊರಾಕ್ಕೊಗೆ ಹೋಗಿ ಬಂದವಳು
ಮೊಬೈಲು ನನ್ನ ಮೂಗಿಗೇ ಹಿಡಿದಳು.
ಉಸುಕಿನ ದಿನ್ನೆ, ಅದರ ಮೇಲೆ ಒಂಟೆಗಳ ಸಾಲು,
ಕೊನೆಗೆ ಬರ್ಬರರ ಡೇರೆ.
'ಬರ್ಬರ ಅಂದ್ರ ಕ್ರೂರಿ ಅಂತ ಅಲ್ಲ ಕಾಕಾ,
ಅದೊಂದು ಜನದ ಹೆಸರು. ಚಹಾಕ್ಕ ಪುದೀನಾ ಹಾಕ್ತಾರ.'
ನಾನು ಎರಡು ಬೆರಳಿಂದ ಚಿತ್ರ ಹಿಗ್ಗಿಸಿ
ಒಂಟೆ ದಾಟಿ, ಚಂದ್ರನನ್ನು ದಾಟಿ
ಡೇರೆಯ ಅಂಚಿಗೆ ಬಂದು ನಿಂತೆ.
ಆಡಿನ ಕೂದಲಿನ ಕರಿ ಪಟ್ಟಿ. ಜೋಡುಹೊಲಿಗೆ, ಕೈಯಲ್ಲಿ.
ಮೇಲಿನದು ಕೆಳಗಿನದರ ಮೇಲೆ ಮಡಚಿದೆ, ನೀರು ಜಾರಲೆಂದು.
ಯಾರೋ ತಿಳಿದವರು, ಅಂದೆ.

ಸ್ಟೇಷನ್ ರೋಡಿನಲ್ಲಿ ಇಪ್ಪತ್ತಾರು ವರ್ಷ
ತಾಡಪತ್ರಿ ಹೊಲಿದವನು ನಾನು:
ಲಾರಿಗೆ, ರಾಶಿಗೆ, ಮದುವೆಗೆ,
ಮಣ್ಣಿಗೆ ಬಂದವರ ನೆರಳಿಗೆ.

ಆ ವಾರವೇ ಬಂದ ಲಾಡ್ಲೇಸಾಬ,
ಗುಮ್ಮಟದ ಮುಂದೆ ಹುಡುಗರನ್ನು ಒಂಟೆ ಹತ್ತಿಸುವವ.
ಹೆಗಲ ಮೇಲೆ ಹರಿದ ಡೇರೆ,
ಜ್ವರ ಬಂದ ಮಗುವಿನ ಹಾಗೆ.
'ರೊಕ್ಕ ಇಲ್ರಿ ಮಾಸ್ತರ. ಒಂಟಿ ಐತಿ.'

ಹೀಗಾಗಿ ಶನಿವಾರ ಸಂಜೆ ನಾನು ಗೌಡಸಾನಿಯ ಮೇಲೆ.
ಒಂಟೆಗೆ ಆ ಹೆಸರು, ಇಡೀ ಪೇಟೆಯನ್ನು
ಮೂಗಿನ ತುದಿಯಿಂದ ನೋಡುವುದಕ್ಕೆ.
ಏಳುವಾಗ ಮೊದಲು ಹಿಂಗಾಲು, ನನ್ನ ಜೀವ ಮುಂದಕ್ಕೆ;
ಆಮೇಲೆ ಮುಂಗಾಲು, ಜೀವ ಎಲ್ಲೋ ಹಿಂದೆ, ಟೋಪಿಯ ಸಂಗಡ.
ಸಿಗ್ನಲ್ಲಿನಲ್ಲಿ ಟಂಟಂ ಒಳಗಿಂದ ಒಬ್ಬಾಕೆ ಕೇಳಿದಳು:
'ಸೊಲ್ಲಾಪುರಕ್ಕೇನ್ರಿ?'

ಇಬ್ರಾಹಿಂ ರೋಜಾದ ಮಿನಾರು ಹಿಂದೆ ಉಳಿದವು,
ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಉಳಿದವು,
ಆಮೇಲೆ ಬರೀ ಎರಿ, ಎರಿಯ ತುಂಬ ಬಿಳಿಜೋಳ,
ಹಾಲುತೆನೆ ನನ್ನ ಮೊಣಕಾಲಿಗೆ ತಾಗುವಷ್ಟು ಎತ್ತರ.
'ಉಸುಕು ನೋಡೀಯೇನೋ ಲಾಡ್ಲೇ?'
'ಮನಿ ಕಟ್ಟಾಕ ಹಾಕಿರತಾರಲ್ರಿ, ಅಷ್ಟ.
ನಾ ಹುಟ್ಟಿದ್ದು ಇಂಡಿ. ಇಕಿ ಹುಟ್ಟಿದ್ದು ಜತ್ತ ಸಂತ್ಯಾಗ.
ಮರುಭೂಮಿ ಇಬ್ಬರಿಗೂ ಕೇಳಿದ ಮಾತು.'

ಡೋಣಿಯ ದಂಡೆ ಮುಟ್ಟಿದಾಗ ಒಂಬತ್ತರ ಮೇಲೆ.
ಮೂರು ಡೇರೆ, ಜಾಲಿಕಂಟಿ, ಒಂದು ನಾಯಿ.
ಮಾಲನಬಿ ಕುಳ್ಳಿನ ಕೆಂಡದಲ್ಲಿ ಸೀತನಿ ಸುಟ್ಟು
ಅಂಗೈಯಲ್ಲೇ ಉಜ್ಜಿ ಕೊಟ್ಟಳು.
ಹೊಳೆಯ ನೀರು ಸವಳು; ಗೌಡಸಾನಿ ಮಾತ್ರ
ಮಜ್ಜಿಗೆಯಂತೆ ಹೀರಿದಳು.
ಚಹಾದಲ್ಲಿ ಪುದೀನಾ ಅಲ್ಲ, ಅಲ್ಲ.

ಒಳಗೆ ಮಲಗಿದ ಮೇಲೆ ಹೊಳೆಯಿತು:
ಇಷ್ಟು ಡೇರೆ ಹೊಲಿದೆ, ಒಂದರಲ್ಲೂ ಮಲಗಿದವನಲ್ಲ.
ಅಂಗಡಿಯಲ್ಲಿ ಅದು ಬಟ್ಟೆ, ಅಳತೆ, ಚೌಕಾಶಿ.
ಇಲ್ಲಿ ಅದೇ ಗೋಡೆ, ಅದೇ ಮಾಳಿಗೆ.

ಹೊಳೆಯ ಕಡೆಯಿಂದ ಗಾಳಿ ಎದ್ದು
ಬಟ್ಟೆಗೆ ಭುಜ ಕೊಟ್ಟು ನೂಕಿತು.
ನಾನು ಬೆರಳಿಂದ ಹೊಲಿಗೆ ಎಣಿಸತೊಡಗಿದೆ,
ಇಂಚಿಗೆ ಐದು, ಇಂಚಿಗೆ ಐದು,
ಮೂಲೆಗೆ ಬಂದಾಗ ನಾಲ್ಕು.
ಕರೆಂಟು ಹೋಗುವ ಹೊತ್ತಾಗಿತ್ತು ಅವತ್ತು, ಹಸಿವೂ ಇತ್ತು,
ಮೇಲಾಗಿ ರೊಕ್ಕ ಕೊಡದವನ ಕೆಲಸ.
ಆ ನಾಲ್ಕರ ಕೆಳಗೆ ಅವನ ಕಿರಿ ಮಗಳು
ಬಾಯಿ ತೆರೆದು ಮಲಗಿದ್ದಳು.

ಕಾಲರಿನ ಒಳಗಿಟ್ಟ ಸೂಜಿ ತೆಗೆದೆ.
ಮಾಲನಬಿ ಎದ್ದು ಕೂತು, ಏನೂ ಕೇಳದೆ,
ಬ್ಯಾಟರಿ ಹಿಡಿದಳು.
ಹೊರಗೆ ಗೌಡಸಾನಿ ಮೆಲುಕು ಹಾಕುತ್ತಿದ್ದಳು,
ದಪ್ಪ ಬಟ್ಟೆಯ ಮೇಲೆ ಹಳೆ ಮಷೀನು ಹೋದ ಸಪ್ಪಳ.
'ಮಳಿ ಇನ್ನ ದೂರ ಐತಿ ಅಣ್ಣ,' ಅಂದಳು ಕಡೆಗೆ.
ದಾರ ಕಚ್ಚಿಕೊಂಡ ಬಾಯಿ, ಉತ್ತರ ಕೊಡಲಾಗಲಿಲ್ಲ.

ಇವತ್ತು ಮಂಗಳವಾರ. ತೊಡೆ ಇನ್ನೂ ನೋಯುತ್ತವೆ.
ಪೆಡಲಿನ ಮೇಲೆ ಕಾಲು ಒಂಟೆಯ ನಡಿಗೆಗೇ ಬೀಳುತ್ತವೆ,
ಕೆಲಸದ ಹುಡುಗ ನಗುತ್ತಾನೆ.
ಯಾರದೋ ಮದುವೆಯ ಶಾಮಿಯಾನ ಬಂದು ಬಿದ್ದಿದೆ,
ನಾಳೆಯೇ ಬೇಕಂತೆ.
ನಾಳಿಗೆ ಆಗೂದಿಲ್ರಿ, ಅಂದೆ.